ಬೊಂಬೆಯ ಬೆನ್ನು ತೋರಿಸಿ

ಡೊಂಬಿವ್ಲಿಯ ಅಕ್ಕಾ, ದಾದರಿನ ಅಂಗಡಿಯಲ್ಲಿ ಬೊಂಬೆಗೆ ಹಾಕಿದ್ದ ಕುರ್ತಾ ತನಗೆ ಕೂರಲಿಲ್ಲವೆಂದು ನಿಮ್ಮ 14 ವರ್ಷದ ಮಗಳು ರಾತ್ರಿ ಊಟ ಬಿಟ್ಟಿದ್ದಾಳೆ, ಏನು ಹೇಳಲಿ ಎಂದು ಕೇಳಿದ್ದೀರಿ. ಓದಿ ಕರುಳು ಚುರ್ರೆಂದಿತು.

ನಾನು ಮಾಟುಂಗಾದಲ್ಲಿ 20 ವರ್ಷದಿಂದ ಬ್ಲೌಸ್ ಹೊಲಿಯುವವಳು. ಅವಳನ್ನು ಮತ್ತೆ ಅದೇ ಅಂಗಡಿಗೆ ಕರೆದುಕೊಂಡು ಹೋಗಿ ಬೊಂಬೆಯ ಬೆನ್ನು ತೋರಿಸಿ. ಸೊಂಟದ ಹತ್ತಿರ ಬಟ್ಟೆ ಮುದುರಿ ನಾಲ್ಕೈದು ಪಿನ್ನು ಚುಚ್ಚಿರುತ್ತಾರೆ. ಎಷ್ಟೋ ಸಲ ಆ ಕುರ್ತಾ ಬೊಂಬೆಗೂ ಕೂತಿರುವುದಿಲ್ಲ! ಫೋನಿನಲ್ಲಿ ಬರುವ ಫೋಟೋಗಳದ್ದೂ ಇದೇ ಕಥೆ. ಫ್ರಾನ್ಸಿನಲ್ಲಿ 2017ರಿಂದ ಜಾಹೀರಾತಿನ ರೂಪದರ್ಶಿಯ ಮೈಯನ್ನು ಕಂಪ್ಯೂಟರಿನಲ್ಲಿ ತೆಳ್ಳಗೆ ಮಾಡಿದ್ದರೆ ‘ತಿದ್ದಿದ ಚಿತ್ರ’ ಎಂದು ಬರೆಯಲೇಬೇಕು.

ಈ ವಯಸ್ಸಿನಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಹೆಚ್ಚಿ ತೊಡೆ, ಸೊಂಟ ತುಂಬಿಕೊಳ್ಳುವುದು ಸಹಜ ಬೆಳವಣಿಗೆ. ನೆಂಟರು “ದಪ್ಪಗಾಗಿದ್ದೀಯಲ್ಲೇ” ಎಂದರೆ ಅವಳೆದುರೇ ತಡೆಯಿರಿ. ನೀವೂ ಕನ್ನಡಿ ಮುಂದೆ ನಿಂತು ನಿಮ್ಮ ಹೊಟ್ಟೆಯನ್ನು ಬೈದುಕೊಳ್ಳಬೇಡಿ ಅಕ್ಕಾ, ಮಕ್ಕಳ ಕಿವಿಗೆ ಎಲ್ಲವೂ ಬೀಳುತ್ತದೆ.

ಊಟ ಬಿಡುವುದು ಮುಂದುವರಿದರೆ, ಮುಟ್ಟು ನಿಂತರೆ, ಉಂಡ ಕೂಡಲೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಕುರ್ತಾಕ್ಕೆ ಬಟ್ಟೆ ತನ್ನಿ, ಅವಳ ಅಳತೆಗೇ ಹೊಲಿದುಕೊಡುತ್ತೇನೆ.