ಥೀಮ್ ಬದಲಾಗಲಿ, ಕೀಲಿಕೈ ನಿಮ್ಮ ಹತ್ರಾನೇ ಇರಲಿ

ಕುಮಟಾ ಕಡೆಯ ನಿವೃತ್ತ ಮಾಸ್ತರೊಬ್ಬರ ಪತ್ರ ಬಂದಿದೆ. 2009ರಿಂದ ಗೂಗಲ್‌ನ ಪುಕ್ಕಟೆ ಬ್ಲಾಗ್ ತಾಣ ಬ್ಲಾಗರ್‌ನಲ್ಲಿ ಬರೀತಾ ಬಂದಿದ್ದಾರೆ, ಅಘನಾಶಿನಿ ದಂಡೆಯ ಉಪ್ಪುನೀರಿನ ಗಜನಿ ಗದ್ದೆ, ಅಲ್ಲಿ ಬೆಳೆಯೋ ಕಗ್ಗ ಭತ್ತ, ತಾಳಮದ್ದಲೆ, ಬಂಡಿಹಬ್ಬ ಎಲ್ಲ ಅದರಲ್ಲಿದೆ. "ಬ್ಲಾಗ್ ಹಳೇದಾಗಿ ಕಾಣ್ತದೆ, ಫೋನಲ್ಲಿ ಓದೋಕೆ ಕಷ್ಟ ಅಂತ ಮಗ ಹೇಳ್ತಾನೆ. ಪರಿಚಯದ ಹುಡುಗ ಒಬ್ಬ ಅದನ್ನ ಬೇರೆ ಬ್ಲಾಗ್ ವ್ಯವಸ್ಥೆಯಾದ ವರ್ಡ್‌ಪ್ರೆಸ್‌ಗೆ ಹಾಕಿ ಹೊಸ ಡಿಸೈನ್ ಮಾಡಿ ಕೊಡ್ತೇನೆ, ಪಾಸ್‌ವರ್ಡ್ ಕೊಡಿ ಅಂತಿದ್ದಾನೆ. ನನಗೆ ಕಂಪ್ಯೂಟರ್ ತಿಳಿಯೋದಿಲ್ಲ, ಏನು ಮಾಡಲಿ?" ಅಂತ ಕೇಳಿದ್ದಾರೆ.

ಮಾಸ್ತರೇ, ಮೊದಲನೇದಾಗಿ ಆ ಪಾಸ್‌ವರ್ಡ್ ಕೊಡಬೇಡಿ. ಬ್ಲಾಗರ್ ಪಾಸ್‌ವರ್ಡ್ ಅಂದ್ರೆ ನಿಮ್ಮ ಜಿಮೇಲ್ ಪಾಸ್‌ವರ್ಡೇ, ಅದು ಕೊಟ್ರೆ ಮೇಲ್, ಫೋಟೋ ಎಲ್ಲಾ ಕೊಟ್ಟ ಹಾಗೇ. ಸಹಾಯಕ್ಕೆ ಯಾರಾದ್ರೂ ಬೇಕೇ ಬೇಕು ಅಂದ್ರೆ ಸೆಟ್ಟಿಂಗ್ಸ್‌ನಲ್ಲಿ ಅವರ ಇಮೇಲ್ ಹಾಕಿ ಸೇರಿಸಿಕೊಳ್ಳಿ, ಕೆಲಸ ಮುಗಿದ ಮೇಲೆ ತೆಗೆದುಬಿಡಿ.

ಡಿಸೈನ್ ಮಾಡೋ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅಂಗಡಿ ವ್ಯವಹಾರ, ಹಣ ಕಟ್ಟಿಸಿಕೊಳ್ಳೋ ಸೈಟ್ ಆದ್ರೆ ತಿಳಿದವರ ಹತ್ರಾನೇ ಹೋಗಬೇಕು. ಆದ್ರೆ ಬರವಣಿಗೆಯ ಬ್ಲಾಗ್ ಬೇರೆ ವಿಷಯ. ಅಂಕೋಲಾದ ನನ್ನ ಸ್ನೇಹಿತರೊಬ್ಬರು ಹೀಗೇ ಒಬ್ಬರ ಕೈಗೆ ಕೊಟ್ರು, ಸೈಟ್ ಚಂದಾನೇ ಆಯ್ತು, ಆದ್ರೆ ಡೊಮೇನ್, ಅಂದ್ರೆ ಸೈಟಿನ ವಿಳಾಸದ ಹೆಸರು, ತಗೊಂಡಿದ್ದು ಡಿಸೈನ್ ಮಾಡಿದವರ ಹೆಸರಲ್ಲಿ, ಆಮೇಲೆ ಅವರು ಫೋನ್ ಎತ್ತಲಿಲ್ಲ, ರಿನ್ಯೂವಲ್ ಆಗಲಿಲ್ಲ, ಒಂದು ದಿನ ಸೈಟೇ ಇಲ್ಲ. ಜುಟ್ಟು ಇನ್ನೊಬ್ಬರ ಕೈಲಿ ಇದ್ರೆ ಹೀಗೇ ಆಗೋದು.

ನಿಮಗೆ ತಿಳಿಯೋದಿಲ್ಲ ಅನ್ನೋ ಮಾತನ್ನಂತೂ ನಾನು ಒಪ್ಪೋದಿಲ್ಲ. ಇಷ್ಟು ವರ್ಷ ಕನ್ನಡ ಟೈಪ್ ಮಾಡಿ, ಫೋಟೋ ಹಾಕಿ, ಕಮೆಂಟಿಗೆ ಉತ್ತರ ಕೊಟ್ಟವರು ನೀವು, ಅದಕ್ಕಿಂತ ಕಷ್ಟದ್ದು ಇದರಲ್ಲಿ ಏನೂ ಇಲ್ಲ ಮಾರಾಯ್ರೆ. ಮೊದಲು ಸೆಟ್ಟಿಂಗ್ಸ್‌ಗೆ ಹೋಗಿ ಬರಹಗಳ ಬ್ಯಾಕಪ್, ಅಂದ್ರೆ ಒಂದು ನಕಲು ಪ್ರತಿ, ತಗೊಳ್ಳಿ, ಆಮೇಲೆ ಥೀಮ್ ಪುಟದಲ್ಲಿ ಥೀಮಿಂದೂ, ಅಂದ್ರೆ ಬ್ಲಾಗಿನ ವಿನ್ಯಾಸದ್ದೂ, ಬೇರೆಯಾಗಿ ತಗೊಳ್ಳಿ, ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿ ಕಪಾಟಿನಲ್ಲಿಡಿ. ಫೋಟೋಗಳು ಆ ಬರಹದ ಫೈಲಿನಲ್ಲಿ ಬರೋದಿಲ್ಲ, ಅದಕ್ಕೆ ಮೂಲ ಫೋಟೋ ಎಲ್ಲಿದ್ರೂ ಹುಡುಕಿ ಒಂದು ಕಡೆ ಸೇರಿಸಿ. ಇನ್ನು ಅದೇ ಖಾತೆಯಲ್ಲಿ ಪುಕ್ಕಟೆಯಾಗಿ ಇನ್ನೊಂದು ಬ್ಲಾಗ್ ತೆರೀರಿ, ಯಾರಿಗೂ ಕಾಣದ ಹಾಗೆ ಇಡಿ, ನಾಲ್ಕು ಬರಹ ಹಾಕಿ ಹೊಸ ಥೀಮ್‌ಗಳನ್ನ ಅಲ್ಲೇ ಪ್ರಯೋಗ ಮಾಡಿ, ಏನು ಎಡವಟ್ಟಾದ್ರೂ ಅಸಲು ಬ್ಲಾಗ್ ಸುರಕ್ಷಿತ. ಥೀಮ್ ಬದಲಾಯಿಸಿದ್ರೆ ಬರಹಗಳಿಗೆ ಏನೂ ಆಗೋದಿಲ್ಲ, ಪಕ್ಕದಲ್ಲಿ ನೀವು ಸೇರಿಸಿದ ಸಣ್ಣ ಸಣ್ಣ ಪೆಟ್ಟಿಗೆಯಂಥ ವಿಜೆಟ್‌ಗಳು ಮಾತ್ರ ಅಲ್ಲಿ ಇಲ್ಲಿ ಆಗಬಹುದು, ಅದನ್ನ ಮೊದಲೇ ಬರೆದಿಟ್ಟುಕೊಳ್ಳಿ.

ಥೀಮ್ ಆರಿಸೋವಾಗ ಇಂಗ್ಲಿಷ್ ಡೆಮೋ ನೋಡಿ ಮರುಳಾಗಬೇಡಿ. ನಿಮ್ಮದೇ ಬರಹ ಹಾಕಿ, "ರಾಷ್ಟ್ರ", "ಸ್ತ್ರೀ" ಇರೋ ಎರಡು ಸಾಲಿನ ಶೀರ್ಷಿಕೆ ಕೊಟ್ಟು ಫೋನಲ್ಲಿ ನೋಡಿ. ಎಷ್ಟೋ ಥೀಮ್‌ನಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗ್ತದೆ, ಕೆಲವದರಲ್ಲಿ ಒತ್ತು ಅರ್ಧಕ್ಕೇ ಕತ್ತರಿಸಿಹೋಗ್ತದೆ. ಎರಡೂ ಅಂಚು ಸಮ ಮಾಡೋ ಜಸ್ಟಿಫೈ ಬೇಡವೇ ಬೇಡ, ನಮ್ಮ ಪದಗಳು ಉದ್ದ, ಫೋನಿನ ಸಣ್ಣ ಪರದೆಯಲ್ಲಿ ಸಾಲಿನ ಮಧ್ಯ ದೊಡ್ಡ ದೊಡ್ಡ ತೂತು ಬೀಳ್ತದೆ. ಸಾಲುಗಳ ನಡುವೆ ಜಾಗ ಜಾಸ್ತಿ ಕೊಡಿ, ನೋಟೋ ಸೆರಿಫ್ ಕನ್ನಡದಂಥ ಪುಕ್ಕಟೆ ಫಾಂಟ್ ಇದೆ, ವಯಸ್ಸಾದವರಿಗೂ ಓದೋಕೆ ಹಿತ.

ವರ್ಡ್‌ಪ್ರೆಸ್‌ಗೆ ಹೋಗಲೇಬೇಕಾ? ನನ್ನ ಕೇಳಿದ್ರೆ ಬೇಡ. ಅದು ಒಳ್ಳೇದೇ, 2003ರಿಂದ ಬೆಳೆದು ಬಂದಿರೋದು, ಆದ್ರೆ ನಿಮ್ಮದೇ ಹೋಸ್ಟಿಂಗ್, ಅಂದ್ರೆ ಸೈಟ್ ಇಡೋ ಜಾಗ, ತಗೊಂಡ್ರೆ ಬಾಡಿಗೆ, ಅಪ್‌ಡೇಟ್, ಪ್ಲಗಿನ್ ಅನ್ನೋ ಬಿಡಿ ಸೇರ್ಪಡೆ ಎಲ್ಲ ಶುರು. 2018ರ ಕೊನೆಗೆ ಬರೆಯೋ ಜಾಗಾನೇ ಬದಲಾಗಿ, ಬರಹವನ್ನ ತುಂಡು ತುಂಡಾಗಿ ಹಾಕೋ ಬ್ಲಾಕ್ ಎಡಿಟರ್ ಬಂತು, ಆಗ ಎಷ್ಟೋ ಹಳಬರು ಕಂಗಾಲಾಗಿ ಹಳೇ ಎಡಿಟರ್‌ನ ಪ್ಲಗಿನ್ ಹಾಕಿಕೊಂಡ್ರು. ಇನ್ನೊಂದು ದೊಡ್ಡ ವಿಷಯ ಲಿಂಕು. ಶೀರ್ಷಿಕೆ ಕನ್ನಡದಲ್ಲಿದ್ರೆ ಬ್ಲಾಗರ್ ತಾನೇ ಕೊಡೋ ವಿಳಾಸದ ಕೊನೆಗೆ ಬರೀ "ಬ್ಲಾಗ್-ಪೋಸ್ಟ್" ಅಂತ, ಮುಂದೆ ಒಂದು ಸಂಖ್ಯೆ. ನೋಡೋಕೆ ಚಂದ ಇಲ್ಲ ನಿಜ, ಆದ್ರೆ ನಿಮ್ಮ ಕಗ್ಗ ಭತ್ತದ ಬರಹ ಯಾರೋ ವಾಟ್ಸಾಪ್‌ನಲ್ಲಿ ಹಂಚಿದ್ದು, ಯಾವುದೋ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ಹಾಕಿಕೊಂಡಿದ್ದು ಅದೇ ವಿಳಾಸ. ವರ್ಡ್‌ಪ್ರೆಸ್‌ಗೆ ಹೋಗಿ ಅದು ಬದಲಾದ್ರೆ ಅವರಿಗೆಲ್ಲ ಸಿಗೋದು ಖಾಲಿ ಪುಟ. ಮನೆಗೆ ಸುಣ್ಣ ಹೊಡೆಯೋಕೆ ಬಂದವರು ಬಾಗಿಲನ್ನೇ ಬೇರೆ ಬೀದಿಗೆ ಇಟ್ಟ ಹಾಗೆ. ಇನ್ನು ಮುಂದೆ ಬರೆಯೋದಕ್ಕೆ ಪ್ರಕಟಿಸೋ ಮೊದಲೇ ಪರ್ಮಾಲಿಂಕ್ (ಬರಹದ ಕಾಯಂ ವಿಳಾಸ) ಅನ್ನೋಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಕೊಡಿ, ಹಳೇದನ್ನ ಮುಟ್ಟಬೇಡಿ.

ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಇಂಟರ್ನೆಟ್‌ನಲ್ಲಿ ಹಾಕಿದ್ದೆಲ್ಲ ಶಾಶ್ವತ ಅಂತ ಜನ ನಂಬಿಕೊಂಡಿದ್ದಾರೆ. 2009ರಲ್ಲಿ ಯಾಹೂ, ಜನ ತಮ್ಮದೇ ಪುಟ ಮಾಡಿಕೊಳ್ತಿದ್ದ ಜಿಯೋಸಿಟೀಸ್ ತಾಣ ಮುಚ್ಚಿತು, ಲಕ್ಷಾಂತರ ಜನರ ಪುಟ ಹೋಯ್ತು. 2019ರಲ್ಲಿ ಫೇಸ್‌ಬುಕ್‌ನಂಥದೇ ಗೂಗಲ್ ಪ್ಲಸ್ ಹೋಯ್ತು. ಕನ್ನಡದ್ದು ಇನ್ನೂ ಬೇಜಾರಿನ ಕತೆ, ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತ ಕೊಡೋ ಯೂನಿಕೋಡ್ ಬಳಕೆಗೆ ಬರೋ ಮೊದಲು ಒಂದೊಂದು ಫಾಂಟಿಗೆ ಅಂಟಿಕೊಂಡು ಬರೆದ ಪುಟಗಳನ್ನ ಈಗ ತೆರೆದ್ರೆ ಬರೀ ಅರ್ಥವಾಗದ ಚಿಹ್ನೆ. ಮತ್ತೆ ಈಗ ನಮ್ಮ ಜಿಲ್ಲೆಯಲ್ಲಿ ಚೆನ್ನಾಗಿ ಬರೆಯೋರೆಲ್ಲ ಫೇಸ್‌ಬುಕ್‌ನಲ್ಲಿ ಬರೀತಾರೆ, ಹೋದ ಮಳೆಗಾಲದಲ್ಲಿ ಬರೆದದ್ದನ್ನ ಅವರಿಗೇ ಹುಡುಕೋಕಾಗಲ್ಲ. ಅಡಿಕೆ ಕೊಳೆರೋಗದ ಅನುಭವ, ಅರ್ಥಧಾರಿಗಳ ನೆನಪು, ಮೀನುಗಾರರ ಗಾಳಿಯ ಲೆಕ್ಕ ಎಲ್ಲ ಬೇರೆಯವರ ಜಾಗದಲ್ಲಿ, ಒಂದು ಪ್ರತಿ ಯಾರ ಹತ್ರಾನೂ ಇಲ್ಲ. ಕಾಲೇಜುಗಳಲ್ಲಿ ಪ್ರಾಜೆಕ್ಟ್ ಅಂತ ಏನೇನೋ ಮಾಡಿಸ್ತಾರೆ, ಊರಿನ ಹಿರಿಯರ ಬರಹದ ಬ್ಯಾಕಪ್ ತೆಗೆಸಿಕೊಡಿ ಅಂತ ಒಂದು ಮಗುವಿಗೂ ಹೇಳೋದಿಲ್ಲ.

ಹಾಗಾಗಿ ಮಗನ್ನ ಪಕ್ಕದಲ್ಲಿ ಕೂರಿಸಿಕೊಳ್ಳಿ, ಆದ್ರೆ ಮೌಸ್ ನೀವೇ ಹಿಡೀರಿ. ಈ ಭಾನುವಾರ ಬ್ಯಾಕಪ್ ಮಾತ್ರ ಆಗಲಿ, ಥೀಮ್ ಮುಂದಿನ ವಾರಕ್ಕಾಯ್ತು. ಎಲ್ಲಾದ್ರೂ ಸಿಕ್ಕಿಹಾಕಿಕೊಂಡ್ರೆ ಪರದೆಯ ಫೋಟೋ ತೆಗೆದು ಕಚೇರಿಗೆ ಕಳಿಸಿ, ನಾನೇ ನೋಡ್ತೇನೆ.

— ಸಂ.