ಮಕ್ಕಳು ಬಂದಾಗ ಇರಲಿ ಅಂತ ತೋಟದಲ್ಲಿ ಕಾಟೇಜ್ ಕಟ್ಟಿಸಬೇಕೆಂದಿದ್ದೇವೆ. ಮರದ್ದು ಒಳ್ಳೆಯದೋ, ಕಲ್ಲಿನದ್ದೋ?

ಮರದ್ದೂ ಬೇಡ, ಕಲ್ಲಿನದ್ದೂ ಬೇಡ ತಂಗಿ. ಕಟ್ಟಿಸಲೇಬೇಡಿ.

ತಂಗಿ ಅಂತ ಕರೆದೆ, ಬೇಜಾರಿಲ್ಲ ಅಲ್ವಾ? ನಿಮಗೆ 58 ಅಂತ ಬರೆದಿದ್ದೀರಿ, ನನಗೆ 73. ಹೊನ್ನಾವರದ ಹತ್ತಿರ ತೋಟ, ಮಗ ಬೆಂಗಳೂರು, ಮಗಳು ಕೆನಡಾ, ಕೈಯಲ್ಲಿ 15 ಲಕ್ಷ. ಓದುತ್ತಾ ಹೋದಂತೆ ನನ್ನ ಹಳೇ ಡೈರಿಯನ್ನೇ ಯಾರೋ ಗಟ್ಟಿಯಾಗಿ ಓದಿದ ಹಾಗಾಯ್ತು. ನಮ್ಮದು ಶಿರಸಿಯಿಂದ 14 ಕಿಲೋಮೀಟರು ಒಳಗೆ. ನಾವು ಕಟ್ಟಿಸಿದ್ದೆವು. ಚಿರೆಕಲ್ಲಿನದ್ದು, ಮೇಲೆ ಮಂಗಳೂರು ಹಂಚು. 11 ಲಕ್ಷದ 40 ಸಾವಿರ.

ಅದು 2016. ಇವರಿಗೆ 70 ಆಗುವ ವರ್ಷ. ಭೀಮರಥ ಶಾಂತಿ ಮಾಡೋದು ಅಂತ ಆಯಿತು. ದೊಡ್ಡ ಮಗ ಬೆಂಗಳೂರಿಂದ, ಮಗಳು ಪುಣೆಯಿಂದ, ಸಣ್ಣವನು ಅಮೆರಿಕದಿಂದ, ಎಲ್ಲರೂ ಸಂಸಾರ ಸಮೇತ ಬರುವವರು. ನಮ್ಮದು ಹಳೇ ಮಣ್ಣಿನ ಗೋಡೆಯ ಮನೆ. ಜಗುಲಿ, ನಡುಮನೆ, ಮೇಲೆ ಮೆತ್ತಿ. ಬಚ್ಚಲು ಹಿಂದೆ, ಹಂಡೆ ಒಲೆ. ಕಕ್ಕಸು ಅಂಗಳದ ಆಚೆ, ಬಾಳೆಗಿಡಗಳ ಪಕ್ಕ.

ದೊಡ್ಡ ಸೊಸೆ ಪೇಟೆಯವಳು. ಒಂದು ದಿನವೂ ದೂರಿದವಳಲ್ಲ. ಆದರೆ ನಮ್ಮನೆಗೆ ಬಂದರೆ ಸಂಜೆ ಏಳರ ಮೇಲೆ ನೀರು ಕುಡಿಯುತ್ತಿರಲಿಲ್ಲ. ಊಟಕ್ಕೆ ಕೂತಾಗ ಲೋಟ ಹಾಗೇ ತುಂಬಿರುತ್ತಿತ್ತು. ರಾತ್ರಿ ಎದ್ದು ಟಾರ್ಚು ಹಿಡಿದು ಅಂಗಳ ದಾಟಬೇಕಲ್ಲ, ಅದಕ್ಕೆ. ಇದು ನನಗೆ ಗೊತ್ತಾಗಲು ಆರು ವರ್ಷ ಬೇಕಾಯಿತು. ಗೊತ್ತಾದ ದಿನ ನಾಚಿಕೆಯಾಯಿತು. ಆ ನಾಚಿಕೆಯಲ್ಲಿ ಹುಟ್ಟಿದ್ದು ಕಾಟೇಜು.

ನನ್ನ ತಪ್ಪು ಇಲ್ಲೇ. ಸ್ವಲ್ಪ ಉದ್ದ ಆಗುತ್ತೆ, ಓದಿ. ಅವಳಿಗೆ ಬೇಕಾಗಿದ್ದು ಒಂದು ಬಾಗಿಲು ತೆಗೆದರೆ ಸಿಗುವ ಕಕ್ಕಸು. ನಾನು ಕಟ್ಟಿಸಿದ್ದು ಹಳ್ಳದ ಆಚೆ ಒಂದು ಮನೆ.

ಹಳ್ಳದ ಆಚೆ ಯಾಕೆ ಅಂತ ಕೇಳಿದವರಿಗೆಲ್ಲ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಈಚೆ ಕಡೆ ಅಂಗಳ, ಅಲ್ಲಿ ಅಡಿಕೆ ಒಣಗಬೇಕು. ಅದರ ಪಕ್ಕ ಕೊಟ್ಟಿಗೆ. ಕೆಳಗೆ ತೋಟ, ಅಲ್ಲಿ ನೆಲ ಸದಾ ಹಸಿ. ಮೇಲೆ ಸೊಪ್ಪಿನ ಬೆಟ್ಟ, ಅದು ಸೊಪ್ಪಿಗೆ ದರಕಿಗೆ ಅಂತ ಬಿಟ್ಟ ಅರಣ್ಯದ ಜಾಗ, ಮನೆ ಕಟ್ಟುವ ಹಾಗಿಲ್ಲ. ಮಾಲ್ಕಿ ಜಾಗ, ನೆಲ ಗಟ್ಟಿ, ಗಾಳಿ ಬೆಳಕು ಅಂತ ನೋಡಿದರೆ ಹಳ್ಳದ ಆಚೆ ನಮ್ಮ ಅತ್ತೆ ಗೇರು ಹಾಕಿದ್ದ ದಿಬ್ಬ ಒಂದೇ. ಇಂಜಿನಿಯರು ಬಂದು ನಿಂತು, 'ಇಲ್ಲಿಂದ ಇಡೀ ತೋಟ ಕಾಣುತ್ತೆ' ಅಂದರು. ಇವರೂ ಹೂಂ ಅಂದರು, ಹಳೇ ಮನೆಗೆ ಸುತ್ತಿಗೆ ತಾಗುವುದಿಲ್ಲವಲ್ಲ ಅಂತ ಅವರಿಗೆ ಸಮಾಧಾನ.

ಎಲ್ಲ ನಿಜ, ಆದರೆ ಎಲ್ಲ ನೆಪ. ಒಳಗಿನ ಮಾತು ಬೇರೆ ಇತ್ತು. ಕೊಟ್ಟಿಗೆ ವಾಸನೆ, ಬೆಳಿಗ್ಗೆ ಐದಕ್ಕೇ ಶುರುವಾಗುವ ನನ್ನ ಮಿಕ್ಸಿ, ಹಂಡೆಯ ಹೊಗೆ, ಇವರ ಕೆಮ್ಮು, ಇವು ಯಾವುದೂ ಸೊಸೆಯಂದಿರಿಗೆ ಮೊಮ್ಮಕ್ಕಳಿಗೆ ತಾಗಬಾರದು ಅಂತ. ಅವರು ಆರಾಮಾಗಿದ್ದರೆ ಜಾಸ್ತಿ ದಿನ ಇರುತ್ತಾರೆ ಅಂತ ಲೆಕ್ಕ ಹಾಕಿದ್ದೆ. ನನ್ನ ಸಂಸಾರವನ್ನು ಅವರ ಕಣ್ಣಿಗೆ ಬೀಳದ ಹಾಗೆ ಇಟ್ಟುಬಿಟ್ಟರೆ ಅವರು ಯಾರ ಮನೆಗೆ ಬಂದ ಹಾಗಾಯಿತು ಅನ್ನೋದು ತಲೆಗೇ ಹೊಳೆಯಲಿಲ್ಲ.

ಹಳ್ಳಕ್ಕೆ ಸಂಕ, ಅಂದರೆ ಕಾಲುಸೇತುವೆ, ಇತ್ತು. ಅಡಿಕೆ ಮರದ ಸಂಕ, ಹಿಡಿದುಕೊಳ್ಳಲು ಒಂದು ಕಡೆ ಬಿದಿರು. ಮನೆಯಿಂದ ಕಾಟೇಜಿಗೆ ಇನ್ನೂರು ಹೆಜ್ಜೆ, ನಾನು ಎಣಿಸಿದ್ದೇನೆ. ಆಗ ನನಗೆ 64. ಮೊಣಕಾಲು ಆಗಲೇ ಹೇಳಿದ ಮಾತು ಕೇಳುತ್ತಿರಲಿಲ್ಲ.

ಶಾಂತಿ ಚೆನ್ನಾಗಾಯಿತು. ಇನ್ನೂರು ಜನ ಉಂಡರು, ಫೋಟೋ ಇದೆ. ಆ ಗದ್ದಲದಲ್ಲಿ ಏನೂ ಗೊತ್ತಾಗಲಿಲ್ಲ. ಗೊತ್ತಾಗಿದ್ದು ಮರುವರ್ಷ, 2017ರ ಡಿಸೆಂಬರ್‌ನಲ್ಲಿ. ಇಬ್ಬರು ಗಂಡುಮಕ್ಕಳೂ ರಜೆ ಹೊಂದಿಸಿಕೊಂಡು ಒಟ್ಟಿಗೆ ಬಂದರು. ನಮಗೆ ಅದೇ ಕೊನೆಕೊಯ್ಲಿನ, ಅಂದರೆ ಅಡಿಕೆ ಗೊನೆ ಇಳಿಸುವ ಸಮಯ. ಹಗಲು ಮರ ಹತ್ತುವವರು, ರಾತ್ರಿ ಅಡಿಕೆ ಸುಲಿಯುವವರು. ದಿನಕ್ಕೆ ಹದಿನೈದು ಜನಕ್ಕೆ ಚಾ, ಅವಲಕ್ಕಿ, ಊಟ. ನಾನು ಒಲೆ ಬಿಟ್ಟು ಏಳುವ ಹಾಗಿಲ್ಲ. ಮಕ್ಕಳು ಹಳ್ಳದ ಆಚೆ.

ಮೊದಲೆರಡು ದಿನ ಊಟಕ್ಕೆ ಈಚೆ ಬಂದರು. ಮೂರನೇ ದಿನ ಸಣ್ಣ ಮೊಮ್ಮಗನಿಗೆ ಸ್ವಲ್ಪ ಜ್ವರ. 'ನೀವೇನೂ ಬರೋದು ಬೇಡ, ನಾನೇ ತರುತ್ತೇನೆ' ಅಂತ ನಾನೇ ಹೇಳಿದೆ. ಬಿಸಿ ಗಂಜಿ, ಮಿಡಿ ಉಪ್ಪಿನಕಾಯಿ, ಸುಟ್ಟ ಹಪ್ಪಳ ಕ್ಯಾರಿಯರ್‌ಗೆ ತುಂಬಿಕೊಂಡು ಸಂಕ ದಾಟಿ ಹೋದೆ. ಬಾಗಿಲು ತಟ್ಟಿದೆ. ನೋಡಿ, ನನ್ನದೇ ಮನೆ, ನಾನೇ ಬಾಗಿಲು ತಟ್ಟಿದೆ. ಐದು ವರ್ಷದ ಮಾಣಿ ಮೆಶ್ ಬಾಗಿಲನ್ನು ಅರ್ಧ ತೆಗೆದ. ಎರಡೂ ಕೈಯಲ್ಲಿ ಕ್ಯಾರಿಯರ್ ಇಸಿದುಕೊಂಡ. 'ಥ್ಯಾಂಕ್ಯೂ ಅಮ್ಮಮ್ಮ' ಅಂದ. ಬಾಗಿಲು ಹಾಕಿಕೊಂಡ.

ಅವನ ತಪ್ಪಲ್ಲ. ಸೊಳ್ಳೆ ಬರುತ್ತೆ, ಕೂಡಲೇ ಬಾಗಿಲು ಹಾಕಬೇಕು ಅಂತ ಅವನಿಗೆ ಹೇಳಿಕೊಟ್ಟಿದ್ದೇ ನಾನು. ಆದರೆ ಜಾಳಿಗೆಯ ಈಚೆ ನಿಂತವಳಿಗೆ ಏನನ್ನಿಸಿತು ಅಂತ ಕೇಳಬೇಡಿ. ಅವನ ಊರಲ್ಲಿ ಪಿಜ್ಜಾ ತರುವವನಿಗೂ ಅವನು ಹಾಗೇ ಹೇಳುತ್ತಿದ್ದನೇನೋ.

ಇನ್ನೊಂದು ಹೇಳುತ್ತೇನೆ. ಆ ಸಲವೇ ದೊಡ್ಡವನ ಮಗಳು, ಹನ್ನೊಂದು ತಿಂಗಳ ಕೂಸು, ಮೊದಲ ಹೆಜ್ಜೆ ಇಟ್ಟಳು. ಇಟ್ಟದ್ದು ಕಾಟೇಜಿನ ಟೈಲ್ಸಿನ ಮೇಲೆ. ನಾನು ನೋಡಿದ್ದು ಈಚೆ ಅಡುಗೆಮನೆಯಲ್ಲಿ, ಕೈ ಒರೆಸಿಕೊಂಡು, ವಾಟ್ಸಾಪಿನಲ್ಲಿ. ಅದೇ ವಿಡಿಯೋವನ್ನು ಅವಳ ಇನ್ನೊಬ್ಬ ಅಜ್ಜಿ ಬೆಂಗಳೂರಲ್ಲಿ ನನಗಿಂತ ಮೊದಲು ನೋಡಿ ಹಾರ್ಟ್ ಒತ್ತಿಯಾಗಿತ್ತು.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 2020ರ ಮಾರ್ಚಿನಲ್ಲಿ ಮಾರಿಕಾಂಬೆ ಜಾತ್ರೆಗೆ ಎಲ್ಲರೂ ಬರುವುದು ಅಂತಿತ್ತು. ಎರಡು ವರ್ಷಕ್ಕೊಮ್ಮೆ ಆಗುವ ಜಾತ್ರೆ. ಬಂದದ್ದು ದೊಡ್ಡವನೊಬ್ಬ, ಅದೂ ಎರಡು ದಿನಕ್ಕೆ. ಜಾತ್ರೆ ಮುಗಿದು ಸ್ವಲ್ಪ ದಿನಕ್ಕೆ ಲಾಕ್‌ಡೌನ್. ನಂತರ ಯಾರೋ ಹೇಳಿದರು ಅಂತ ಹೋಂಸ್ಟೇ ಮಾಡಿ ನೋಡಿದೆವು. ನಾಲ್ಕು ತಿಂಗಳು. ರಾತ್ರಿ ಎರಡಕ್ಕೆ ಹಾಡು ಹಾಕಿ ಕುಣಿಯುವವರನ್ನು ನೋಡಿ ಇವರು ಬೋರ್ಡು ಕಿತ್ತರು. ಮಳೆಗಾಲದಲ್ಲಂತೂ ಸಂಕ ಜಾರುತ್ತಿತ್ತು, ಉಂಬಳದ (ಜಿಗಣೆ) ಕಾಟ ಬೇರೆ, ಆ ಕಡೆ ಯಾರೂ ಸುಳಿಯುತ್ತಿರಲಿಲ್ಲ.

ನಮ್ಮನೆಯ ಮಕ್ಕಳು ಆ ಮನೆಯಲ್ಲಿ ಒಟ್ಟು 41 ರಾತ್ರಿ ಮಲಗಿದ್ದಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ, ನನಗೆ ಆ ಚಟ ಇದೆ. ಭಾಗಿಸಿ ನೋಡಿದೆ. ಒಂದು ರಾತ್ರಿಗೆ 27 ಸಾವಿರದ ಮೇಲೆ ಬಿತ್ತು.

ಈಗ ನಿಮ್ಮ 15 ಲಕ್ಷಕ್ಕೆ ಬರುತ್ತೇನೆ. ಮೊದಲು ಈಗಿರುವ ಮನೆಯೊಳಗೇ ಒಂದು ಕಮೋಡು, ಒಂದು ಗೀಸರು ಹಾಕಿಸಿ. ಒಂದು ಕೋಣೆಯ ಕಿಟಕಿಗೆ ಜಾಳಿಗೆ, ಒಂದು ಒಳ್ಳೆ ಹಾಸಿಗೆ. ನಾವು 2022ರಲ್ಲಿ ನಡುಮನೆ ಪಕ್ಕದ ಭತ್ತದ ಕೋಣೆಯನ್ನು ಬಚ್ಚಲು ಮಾಡಿಸಿದೆವು, ಕಾಟೇಜಿನ ಖರ್ಚಿನ ನಾಲ್ಕನೇ ಒಂದು ಭಾಗವೂ ಆಗಲಿಲ್ಲ. ಮುಂದೆ ನಿಮ್ಮ ಮೊಣಕಾಲಿಗೂ ಅದೇ ಬೇಕು, ನೋಡುತ್ತಿರಿ. ಈಗ ದೊಡ್ಡ ಸೊಸೆ ರಾತ್ರಿ ಊಟಕ್ಕೆ ಎರಡು ಲೋಟ ಮಜ್ಜಿಗೆ ಕುಡಿಯುತ್ತಾಳೆ.

ಉಳಿದ ದುಡ್ಡು ಬ್ಯಾಂಕಿನಲ್ಲಿಡಿ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಎಲ್ಲರೂ ಎಲ್ಲಾದರೂ ಬಾಡಿಗೆ ಮನೆ ಹಿಡಿದು ಇರಿ. ನಿಮ್ಮ ಮನೆಯೂ ಬೇಡ, ಅವರ ಮನೆಯೂ ಬೇಡ. 'ಸ್ವಂತ ತೋಟ ಇಟ್ಟುಕೊಂಡು ಬಾಡಿಗೆ ಮನೆಯಾ' ಅಂತೀರಿ. ನಾನೂ ಹಾಗೇ ಅಂದಿದ್ದೆ. 2025ರ ಜನವರಿಯಲ್ಲಿ ಮಗಳು ಹಟ ಹಿಡಿದು ಕಾರವಾರದ ಆಚೆ, ಮಾಜಾಳಿ ಕಡೆ, ಸಮುದ್ರದ ಹತ್ತಿರ ಒಂದು ಮನೆ ಬುಕ್ ಮಾಡಿದಳು. ಎರಡು ರಾತ್ರಿ, ಹನ್ನೊಂದು ಜನ. ಇವರು ಅಡಿಕೆ ಯಾರು ನೋಡುತ್ತಾರೆ, ನಾಯಿಗೆ ಯಾರು ಹಾಕುತ್ತಾರೆ ಅಂತ ಗೊಣಗಿ ಗೊಣಗಿ ಕಾರು ಹತ್ತಿದರು. ಕಾಳಿ ನದಿಯ ಹಳೇ ಸೇತುವೆ ಹಿಂದಿನ ಆಗಸ್ಟಿನಲ್ಲಿ ಕುಸಿದಿತ್ತು. ಹೊಸದರ ಮೇಲೆ ಹೋಗುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ.

(ಕಾರವಾರದ ಕಡಲತೀರಕ್ಕೆ ಟ್ಯಾಗೋರರ ಹೆಸರು ಇದೆಯಲ್ಲ, ಅವರೂ ಇಲ್ಲಿ ಮನೆ ಕಟ್ಟಿಸಿಕೊಂಡವರಲ್ಲ. ಅಣ್ಣ ಇಲ್ಲಿ ನ್ಯಾಯಾಧೀಶರಾಗಿದ್ದರು, ಹರೆಯದ ತಮ್ಮ ಬಂದು ಇದ್ದು ಹೋದರು. ನೂರ ನಲವತ್ತು ವರ್ಷದ ಮೇಲೂ ನೆನಪಿಟ್ಟುಕೊಂಡಿದ್ದೇವೆ.)

ನಾನು ಎಂಟು ತೆಂಗಿನಕಾಯಿ, ಅವಲಕ್ಕಿ, ಉಪ್ಪಿನಕಾಯಿ ಭರಣಿ, ತುರಿಮಣೆ ಸಮೇತ ಹೋಗಿದ್ದೆ. ಅಲ್ಲಿ ನೋಡಿದರೆ ಒಂದು ಇಂಡಕ್ಷನ್ ಒಲೆ, ಎರಡು ಪಾತ್ರೆ. ನನಗೆ ಕೈ ಕಟ್ಟಿ ಹಾಕಿದ ಹಾಗಾಯಿತು. ಬೆಳಿಗ್ಗೆ ಗಂಡುಮಕ್ಕಳಿಬ್ಬರೂ ಸೇರಿ ಉಪ್ಪಿಟ್ಟು ಮಾಡಿದರು. ಉಪ್ಪು ಜಾಸ್ತಿ, ಒಗ್ಗರಣೆ ಸೀದಿತ್ತು. ನಾನು ಮೆಟ್ಟಿಲ ಮೇಲೆ ಕೂತು ತಿಂದೆ. ಮದುವೆಯಾಗಿ ಐವತ್ತು ವರ್ಷದಲ್ಲಿ ಮನೆಮಂದಿಯೆಲ್ಲ ಇರುವಾಗ ನಾನು ಮೊದಲು ಉಂಡದ್ದು ಅದೇ ಇರಬೇಕು.

ಆ ಮೆಟ್ಟಿಲ ಮೇಲೆಯೇ ದೊಡ್ಡವನು ಬಂದು ಪಕ್ಕದಲ್ಲಿ ಕೂತ. ಸ್ವಲ್ಪ ಹೊತ್ತು ಸುಮ್ನೆ ಇದ್ದ. ಆಮೇಲೆ ಹೇಳಿದ, 2019ರಲ್ಲಿ ಅವನ ಕೆಲಸ ಹೋಗಿತ್ತಂತೆ. ಏಳು ತಿಂಗಳು ಕೆಲಸ ಇರಲಿಲ್ಲವಂತೆ. ಆ ವರ್ಷ ದೊಡ್ಡಹಬ್ಬಕ್ಕೆ (ದೀಪಾವಳಿಗೆ) ಬಂದು ನಮಗೆಲ್ಲ ಬಟ್ಟೆ ತಂದು ಕೊಟ್ಟು ಹೋಗಿದ್ದ! ಆಗಲೇ ಯಾಕೆ ಹೇಳಲಿಲ್ಲ ಮಾರಾಯ ಅಂದೆ. 'ಆಯಿ, ನೀ ಯಾವಾಗ್ಲೂ ಒಲೆ ಕಡೆ ಮುಖ ಮಾಡ್ಕ್ಯಂಡು ಇರ್ತಿದ್ದೆ. ಬೆನ್ನಿನ ಹತ್ರ ಎಂತ ಹೇಳ್ಲಿ?' ಅಂದ. ನಗುತ್ತಲೇ ಅಂದ. ನನಗೆ ಉಪ್ಪಿಟ್ಟು ಗಂಟಲಲ್ಲಿ ನಿಂತಿತು, ಉಪ್ಪಿನದೋ ಏನೋ.

ಮಧ್ಯಾಹ್ನ ಎಲ್ಲರೂ ತಿಳಮಾತಿ ಬೀಚಿಗೆ ಹೋದರು. ಗುಡ್ಡ ಹತ್ತಿ ಇಳಿಯಬೇಕು, ನನ್ನ ಕಾಲಿಗೆ ಆಗುವುದಲ್ಲ. ಅಲ್ಲಿ ಮರಳು ಕಪ್ಪು, ಥೇಟ್ ಎಳ್ಳಿನ ಹಾಗೆ. ಕೊಂಕಣಿಯಲ್ಲಿ ತೀಳ್ ಅಂದರೆ ಎಳ್ಳೇ. ಟೈಲ್ಸಿನ ಮೇಲೆ ಮೊದಲ ಹೆಜ್ಜೆ ಇಟ್ಟಿದ್ದಳಲ್ಲ, ಆ ಮೊಮ್ಮಗಳು ಈಗ ಎಂಟು ವರ್ಷದವಳು. ನನ್ನ ಖಾಲಿ ಮಾತ್ರೆ ಡಬ್ಬಿಯಲ್ಲಿ ಒಂದಿಷ್ಟು ಮರಳು ತುಂಬಿ ತಂದು ಕೊಟ್ಟಳು. ಮನೆಗೆ ತಂದು ದೇವರ ಕೋಣೆಯ ಗೂಡಿನಲ್ಲಿಟ್ಟೆ. ಮುಂದಿನ ತಿಂಗಳು ಮಾವನವರ ಶ್ರಾದ್ಧ. ಇವರು ಕನ್ನಡಕ ಇಲ್ಲದೆ ಅದೇ ಡಬ್ಬಿಯನ್ನು ತರ್ಪಣಕ್ಕೆ ತೆಗೆದುಕೊಂಡು ಕೂತಿದ್ದರು. ಭಟ್ಟರು ಬೆರಳಲ್ಲಿ ಉಜ್ಜಿ ನೋಡಿದ್ದಕ್ಕೆ ಉಳಿಯಿತು.

ಇಷ್ಟು ಮಾತ್ರ ನೋಡಿಕೊಳ್ಳಿ. ಹಬ್ಬಕ್ಕೇ ಬರಬೇಕು ಅಂತ ಹಟ ಮಾಡಬೇಡಿ. ರಜೆ ಸಿಗದ ಮಕ್ಕಳು ಫೋನಿನಲ್ಲಿ ಸುಳ್ಳು ಹೇಳಲು ಕಲಿಯುತ್ತಾರೆ. ತಿಂಗಳು ನೀವೇ ಆರಿಸಿ, ಜೂನಿಂದ ಸೆಪ್ಟೆಂಬರ್ ಬಿಟ್ಟು. 2024ರ ಜುಲೈಯಲ್ಲಿ ಅಂಕೋಲೆಯ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದದ್ದು ನಿಮಗೆ ನಾನು ಹೇಳಬೇಕಾಗಿಲ್ಲ, ಅದು ನಿಮ್ಮದೇ ದಾರಿ. ಕೊನೆಕೊಯ್ಲಿನ ವಾರವೂ ಬೇಡ. ಮತ್ತೆ, ನಿಮ್ಮಿಬ್ಬರ ಪಾಸ್‌ಪೋರ್ಟ್ ಈಗಲೇ ಮಾಡಿಸಿಡಿ. 58ಕ್ಕೆ ವಿಮಾನದಲ್ಲಿ ಕೂರುವುದು ಬೇರೆ, 70ಕ್ಕೆ ಬೇರೆ. ಮಗಳ ಅಡುಗೆಮನೆಯಲ್ಲಿ ಯಾವ ಡಬ್ಬಿಯಲ್ಲಿ ಸಾಸಿವೆ ಇದೆ ಅಂತ ಗೊತ್ತಿರಬೇಕು ತಂಗಿ. ಆಗ ಫೋನಿನಲ್ಲಿ ಮಾತು ಹುಡುಕಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೂ ಕಟ್ಟಿಸುತ್ತೇನೆ ಅಂದರೆ ಕಲ್ಲಿನದ್ದೇ ಕಟ್ಟಿಸಿ. ನಮ್ಮ ಮಳೆಗೆ ಮರ ತಡೆಯುವುದಿಲ್ಲ, ಗೆದ್ದಲು ಬೇರೆ. ನಮ್ಮದು ಇವತ್ತಿಗೂ ಗಟ್ಟಿಯಾಗಿದೆ, ಒಂದು ಬಿರುಕಿಲ್ಲ. ಕಾಟೇಜಿನ ಹಾಲ್‌ನಲ್ಲಿ ಈಗ ಅಡಿಕೆ ಸುಲಿಯುವ ಮೆಷಿನ್ನು ಇದೆ. ಮೆಶ್ ಬಾಗಿಲನ್ನು ಮಾತ್ರ ಬಿಚ್ಚಿಸಿ ತಂದು ಕೊಟ್ಟಿಗೆಗೆ ಹಾಕಿಸಿದೆ. ಆಕಳಿಗೆ ಸೊಳ್ಳೆ ಕಾಟ ಕಡಿಮೆಯಾಗಿದೆ.