ವೀರಾ ಆಗಿದ್ದವರು ಆನ್ ಸ್ಯಾವೇಜ್
1945ರ ಅಮೆರಿಕನ್ ಸಿನಿಮಾ ‘ಡೀಟೂರ್’ನಲ್ಲಿ ವೀರಾ ಪಾತ್ರ ಮಾಡಿದವರು ಯಾರು, ಆಮೇಲೆ ಏನಾದರು ಅಂತ ಕೇಳಿದ್ದೀರಿ ಅಲ್ವಾ? ಅವರು ಆನ್ ಸ್ಯಾವೇಜ್. 1921ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದವರು. ಮಾಡಿದ್ದು ಜಾಸ್ತಿ ಸಣ್ಣ ಬಜೆಟ್ಟಿನ ಚಿತ್ರಗಳೇ. ‘ಡೀಟೂರ್’ನಲ್ಲೂ ಹೆಚ್ಚುಕಡಿಮೆ ಅರ್ಧ ಸಿನಿಮಾ ಆದ ಮೇಲೆ ಬರುತ್ತಾರೆ. ಕಾರಿನಲ್ಲಿ ತೂಕಡಿಸುತ್ತಿದ್ದ ವೀರಾ ತಟ್ಟನೆ ಕಣ್ಣು ಬಿಟ್ಟು, ಕಾರು ಓಡಿಸುತ್ತಿದ್ದ ನಾಯಕನನ್ನು ಕಾರಿನ ಯಜಮಾನನ ಹೆಣ ಎಲ್ಲಿ ಹಾಕಿದೆ ಅಂತ ಕೇಳುತ್ತಾಳೆ ನೋಡಿ, ನನಗಂತೂ ಆ ಒಂದು ನೋಟವೇ ಸಾಕು. 1950ರ ದಶಕದಲ್ಲಿ ಸಿನಿಮಾ ಕೈಬಿಟ್ಟಿತು. ಗಂಡ ತೀರಿಕೊಂಡ ಮೇಲೆ ಲಾಸ್ ಏಂಜಲೀಸ್‌ನಲ್ಲಿ ವಕೀಲರ ಕಚೇರಿಯಲ್ಲಿ ದುಡಿದರು. ವಿಮಾನ ಹಾರಿಸುವುದನ್ನೂ ಕಲಿತರು! ಕೊನೆಗೆ 2007ರಲ್ಲಿ ಕೆನಡಾದ ನಿರ್ದೇಶಕ ಗೈ ಮ್ಯಾಡಿನ್ ಅವರ ‘ಮೈ ವಿನಿಪೆಗ್’ನಲ್ಲಿ ತಾಯಿಯಾಗಿ ಬಂದರು. ಅದನ್ನೂ ನೋಡಿ, ಆ ಗತ್ತು ಹಾಗೇ ಇದೆ.